ಬೇವು ಕಟ್ಟಿದ ದಿನ

ನನ್ನನ್ನು ಹೆರಿಗೆ ವಾರ್ಡಿನಿಂದ ಓಡಿಸಿದವಳ ಮೇಲೆ ನಾನು ಸೇಡು ತೀರಿಸಿಕೊಂಡೆ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಕೊನೆಗೆ ಈ ಮುದುಕಿ ಕ್ಷಮಿಸಿರುತ್ತಾಳೆ ಎಂದು ಕಾದುಕೊಂಡು ಓದುವವರಿದ್ದರೆ ಅವರ ಹೊತ್ತು ಹಾಳಾಗುವುದು ಬೇಡ.

ಚಿಕೂನ್‌ಗುನ್ಯಾ ಬಂದು ಊರಿಗೆ ಊರೇ ಗೋಡೆ ಹಿಡಿದುಕೊಂಡು ನಡೆದಿತ್ತಲ್ಲ, ಅದರ ಮರುವರ್ಷದ ಮಾತು. ಚಾಮರಾಜನಗರದ ಒಂದು ಖಾಸಗಿ ಆಸ್ಪತ್ರೆಯಲ್ಲಿ ನಾನು ಆಯಾ ಆಗಿದ್ದೆ. ಮನೆ ಉಮ್ಮತ್ತೂರಿನಲ್ಲಿ. ಬೆಳಗಿನ ಬಸ್ಸಿಗೆ ಹೋಗಿ ಸಂಜೆ ಬಸ್ಸಿಗೆ ಬರುತ್ತಿದ್ದೆ. ನನ್ನ ಕೆಲಸ ಹೆರಿಗೆ ವಾರ್ಡಿನಲ್ಲಿ ಹುಟ್ಟಿದ ಕೂಸುಗಳಿಗೆ ನೀರು ಹಾಕುವುದು. ಬಟ್ಟೆ ಒಗೆಯುವುದು, ನೆಲ ಒರೆಸುವುದು ಎಲ್ಲ ಆಯಾಗಳಿಗೂ ಇದ್ದದ್ದೇ. ಕೂಸಿಗೆ ನೀರು ಹಾಕುವುದು ಮಾತ್ರ ನನ್ನೊಬ್ಬಳ ಕೆಲಸ. ಎಷ್ಟು ಕೂಸುಗಳು ನನ್ನ ಕೈಯಲ್ಲಿ ನೀರು ಹಾಕಿಸಿಕೊಂಡಿವೆ ಎಂದು ನಾನು ಎಣಿಸಿಲ್ಲ. ಒಂದನ್ನೂ ಜಾರಿಸಿಲ್ಲ, ಒಂದರ ಕಿವಿಗೂ ನೀರು ಬಿಟ್ಟಿಲ್ಲ. ಪೇಟೆಯಲ್ಲಿ ಯಾರೋ ಹೆಂಗಸು ನಿಲ್ಲಿಸಿ, ಇವನು ನೀವು ಮೊದಲ ನೀರು ಹಾಕಿದವನು ಎಂದು ಮಗನನ್ನು ತೋರಿಸಿದರೆ ನನಗೆ ಆ ದಿನ ಕಾಲುನೋವು ಇರುತ್ತಿರಲಿಲ್ಲ. ನನಗಿದ್ದ ಮರ್ಯಾದೆ ಅಷ್ಟೇ. ಅದನ್ನೇ ಕಿತ್ತುಕೊಂಡರು.

ಆ ವರ್ಷ ಆಸ್ಪತ್ರೆಗೆ ಕಂಪ್ಯೂಟರಿನಲ್ಲಿ ಹೊಸದೊಂದು ಲೆಕ್ಕ ಬಂತು. ನಮ್ಮ ಆಸ್ಪತ್ರೆಗೆ ಗುಂಡ್ಲುಪೇಟೆಯಲ್ಲೂ ಒಂದು ಚಿಕ್ಕ ಶಾಖೆ ಇತ್ತು. ಎರಡು ಕಡೆಯೂ ಯಾರಿಗೆ ಅಂಟುರೋಗ ಬಂದರೂ, ರೋಗಿಗೆ ಬರಲಿ ಕೆಲಸದವರಿಗೆ ಬರಲಿ, ಅದರಲ್ಲಿ ಹಾಕಬೇಕು. ಯಾವ ದಿನ ಶುರುವಾಯಿತು, ಯಾವ ವಾರ್ಡು, ಯಾರ ಜೊತೆ ಇದ್ದರು. ಎರಡು ಕಡೆಯ ಔಷಧಿ ಲೆಕ್ಕವೂ ಅದೇ ಕಂಪ್ಯೂಟರಿನಲ್ಲಿ. ಹಾಕಿದರೆ ಅದು ದಿನದ ಪ್ರಕಾರ ಎಲ್ಲರನ್ನೂ ಸಾಲಾಗಿ ನಿಲ್ಲಿಸಿ, ಮೊದಲನೆಯವರ ಹೆಸರನ್ನು ಕೆಂಪಗೆ ತೋರಿಸುತ್ತಿತ್ತು. ದೊಡ್ಡ ಡಾಕ್ಟರು ನಮ್ಮನ್ನೆಲ್ಲ ಕೂರಿಸಿ ಕಾಫಿ ಕೊಡಿಸಿ ಇದನ್ನು ವಿವರಿಸಿದರು. ಅವರು ಈ ಸೀಮೆಯವರಲ್ಲ, ಉತ್ತರದ ಕಡೆಯವರು, ಒಳ್ಳೆಯವರು. ಇದು ಯಾರನ್ನೂ ಬೈಯುವುದಕ್ಕಲ್ಲ ಎಂದು ಎರಡು ಸಲ ಹೇಳಿದರು. ಬೈಯುವುದಕ್ಕಲ್ಲ ಎಂದು ಯಾರಾದರೂ ಮೊದಲೇ ಹೇಳಿದರೆ ಸೆರಗು ಬಿಗಿ ಮಾಡಿಕೊಳ್ಳಬೇಕು. ನಾನು ಕಾಫಿ ಕುಡಿದು ಎದ್ದು ಬಂದೆ.

ಸಂಕ್ರಾಂತಿ ಹತ್ತಿರ ಬಂದಾಗ ನಮ್ಮ ಬೀದಿಯಲ್ಲಿ ಅಮ್ಮ ಕಾಣಿಸಿಕೊಂಡಳು. ಮೈತುಂಬ ನೀರುಗುಳ್ಳೆ ಏಳುತ್ತದಲ್ಲ, ಡಾಕ್ಟರುಗಳು ಚಿಕನ್ ಪಾಕ್ಸ್ ಎನ್ನುತ್ತಾರಲ್ಲ, ಅದು. ನಾವು ಹೆಸರು ಹಿಡಿದು ಹೇಳುವುದಿಲ್ಲ, ಅಮ್ಮ ಬಂದವಳೆ ಎನ್ನುತ್ತೇವೆ. ಎದುರು ಮನೆಯ ಮಗುವಿಗೆ ಬಂದ ದಿನವೇ ನಾನು ನಮ್ಮ ಬಾಗಿಲಿಗೂ ಬೇವಿನ ಸೊಪ್ಪು ಕಟ್ಟಿದೆ. ನಮ್ಮ ಬೀದಿಯ ಪದ್ಧತಿಯೇ ಹಾಗೆ. ಒಂದು ಮನೆಗೆ ಬಂದರೆ ಅಕ್ಕಪಕ್ಕದವರೂ ಕಟ್ಟುತ್ತಾರೆ, ಇಲ್ಲೂ ಮರ್ಯಾದೆ ಇದೆ ತಾಯಿ, ಒಳಗೆ ಬರಬೇಕಾಗಿಲ್ಲ ಎನ್ನುವ ಹಾಗೆ. ನಮ್ಮ ಮನೆಯಲ್ಲಿ ಯಾರಿಗೂ ಒಂದು ಗುಳ್ಳೆ ಏಳಲಿಲ್ಲ. ಒಣಗಿದ ಸೊಪ್ಪು ತೆಗೆದು ಎಸೆದದ್ದೂ ನಾನೇ.

ಸುಮಾರು ಒಂದು ತಿಂಗಳಾದ ಮೇಲೆ ಹೆರಿಗೆ ವಾರ್ಡಿನಲ್ಲಿ ಶುರುವಾಯಿತು. ಇಬ್ಬರು ನರ್ಸುಗಳು, ಒಬ್ಬಳು ಆಯಾ. ಅಷ್ಟೇ ಆಗಿದ್ದರೆ ಯಾರೂ ತಲೆ ಕೆಡಿಸಿಕೊಳ್ಳುತ್ತಿರಲಿಲ್ಲ. ಕುದೇರಿನ ಒಬ್ಬ ಬಾಣಂತಿ ಆಪರೇಷನ್ ಆಗಿ ಮನೆಗೆ ಹೋದವಳು ಕೂಸನ್ನು ಎತ್ತಿಕೊಂಡು ವಾಪಸ್ ಬಂದಳು. ಇಬ್ಬರಿಗೂ ಮೈಮೇಲೆಲ್ಲ ಎದ್ದಿತ್ತು. ಕೂಸು ಅಳಲಾರದೆ ಬಾಯಿ ಮಾತ್ರ ಬಿಡುತ್ತಿತ್ತು. ಮೈಸೂರಿಗೆ ಕಳಿಸಿದರು. ಬದುಕಿತು. ಆದರೆ ಆ ವಾರವೆಲ್ಲ ಅದು ಬದುಕುತ್ತದೆ ಎಂದು ಯಾರಿಗೂ ಗೊತ್ತಿರಲಿಲ್ಲ.

ಡಾಕ್ಟರು ಕಂಪ್ಯೂಟರ್ ತೆಗೆಯಿರಿ ಎಂದರು.

ಕಂಪ್ಯೂಟರಿಗೆ ಹಾಕುವವನು ನಮ್ಮ ಗುಮಾಸ್ತ. ಮೊದಲು ರಿಜಿಸ್ಟರ್ ಬರೆಯುತ್ತಿದ್ದವನು, ಎರಡು ಮಕ್ಕಳ ತಂದೆ, ನಮ್ಮ ಪಕ್ಕದ ಊರಿನವನು. ಒಬ್ಬೊಬ್ಬರನ್ನೇ ಕರೆದು ಕೇಳಿ ಹಾಕಿದ. ಅವನು ತಪ್ಪು ಮಾಡಿದ್ದು ಅಲ್ಲಿ. ನಮ್ಮ ಕಡೆಯ ಗಂಡಸು, ಹೆಂಗಸರ ಹತ್ತಿರ ಅಮ್ಮನ ಗುಳ್ಳೆಯ ಮಾತು ಬಾಯಿಬಿಟ್ಟು ಕೇಳುತ್ತಾನೆಯೇ? ತಲೆ ತಗ್ಗಿಸಿಕೊಂಡು, ಮನೇಲಿ ಬೇವು ಕಟ್ಟಿದ್ರಾ, ಯಾವತ್ತು ಕಟ್ಟಿದ್ರಿ ಎಂದು ಕೇಳಿದ. ಅವನಿಗೆ ಅದೇ ಮರ್ಯಾದೆ. ನನಗೂ ಅದು ಸರಿಯಾದ ಪ್ರಶ್ನೆಯಾಗಿಯೇ ಕಂಡಿತು. ಸಂಕ್ರಾಂತಿಗೆ ನಾಲ್ಕು ದಿನ ಮುಂಚೆ ಎಂದು ನಿಜ ಹೇಳಿದೆ. ಅವನು ಆ ದಿನವನ್ನು ರೋಗ ಶುರುವಾದ ದಿನ ಅಂತ ಇರುವ ಜಾಗಕ್ಕೆ ಹಾಕಿದ. ನನ್ನ ಹೆಸರು ಎಲ್ಲರ ಮೇಲೆ ಹೋಗಿ ಕೆಂಪಗೆ ಕೂತಿತು.

ಡಾಕ್ಟರು ನನ್ನನ್ನು ಒಳಗೆ ಕರೆದರು. ಪಕ್ಕದಲ್ಲಿ ನಮ್ಮ ವಾರ್ಡಿನ ದೊಡ್ಡ ಸಿಸ್ಟರ್ ನಿಂತಿದ್ದಳು. ವಾರ್ಡೆಲ್ಲ ಅವಳ ಕೈಕೆಳಗೆ, ನನಗಿಂತ ಇಪ್ಪತ್ತು ವರ್ಷ ಚಿಕ್ಕವಳು, ಆಸ್ಪತ್ರೆ ಹಿಂದಿನ ಕ್ವಾರ್ಟರ್ಸಿನಲ್ಲಿ ಮಗಳ ಜೊತೆ ಇದ್ದಳು. ಆ ಮಗಳಿಗೂ ಮೊದಲ ನೀರು ಹಾಕಿದವಳು ನಾನೇ. ಡಾಕ್ಟರು ಮೆಲ್ಲಗೇ ಕೇಳಿದರು, ನಿಮ್ಮ ಮನೆಗೆ ಇದು ಬಂದಿತ್ತೇ ಎಂದು.

ಬಂದಿಲ್ಲ ಎಂದು ಹೇಳಬೇಕಿತ್ತು. ಒಂದು ಮಾತು. ಆದರೆ ನಮ್ಮಲ್ಲಿ ಅದನ್ನು ಯಾರೂ ಹೇಳುವುದಿಲ್ಲ. ನಮ್ಮ ಮನೆಗೆ ಬಂದಿಲ್ಲ ಎಂದು ಜಂಬದಿಂದ ಬಾಯಿಬಿಟ್ಟರೆ ಅವಳು ಬಂದು ತೋರಿಸಿಯೇ ಹೋಗುತ್ತಾಳೆ ಎಂದು ನನ್ನ ಅವ್ವ ಹೇಳುತ್ತಿದ್ದಳು, ನಾನು ಸೊಸೆಗೆ ಹೇಳಿದ್ದೆ. ಮನೆಯಲ್ಲಿ ಎರಡು ವರ್ಷದ ಮೊಮ್ಮಗು ಇತ್ತು. ನಾನು ಎರಡೂ ಕೈ ಮುಗಿದು ಸುಮ್ಮನೆ ನಿಂತೆ. ಈ ಸೀಮೆಯವರಾಗಿದ್ದರೆ ಅರ್ಥ ಮಾಡಿಕೊಳ್ಳುತ್ತಿದ್ದರು. ಡಾಕ್ಟರಿಗೆ ನಾನು ತಪ್ಪು ಒಪ್ಪಿಕೊಂಡ ಹಾಗೆ ಕಂಡಿತು.

ಆ ಸಿಸ್ಟರ್ ಈ ಸೀಮೆಯವಳೇ. ಅವಳಿಗೆ ಅರ್ಥವಾಗಿತ್ತು. ನನ್ನ ಮುಖ ನೋಡಿಕೊಂಡೇ ಹೇಳಿದಳು: “ಇವ್ರೆಲ್ಲ ಹಂಗೇ ಸರ್. ಮನೇಲಿ ಬೇವು ಕಟ್ಕೊಂಡು, ಬಾಯಿ ಮುಚ್ಕೊಂಡು ಡ್ಯೂಟಿಗೆ ಬಂದ್ಬುಡ್ತಾರೆ.”

ಅಂದೇ ನನ್ನನ್ನು ವಾರ್ಡಿನಿಂದ ತೆಗೆದರು. ಮೂರು ತಿಂಗಳು ಗುಂಡ್ಲುಪೇಟೆ ಶಾಖೆಯಲ್ಲಿ ಬಟ್ಟೆ ಒಗೆಯಬೇಕು, ಆಮೇಲೆ ಇಟ್ಟುಕೊಳ್ಳುವುದೋ ಬಿಡುವುದೋ ನೋಡೋಣ ಎಂದರು. ಗೇಟಿನ ಹತ್ತಿರ ಕುದೇರಿನ ಬಾಣಂತಿಯ ಅತ್ತೆ ನಿಂತಿದ್ದಳು. ಅವಳಿಗೆ ಆಗಲೇ ಯಾರೋ ಹೇಳಿಯಾಗಿತ್ತು. ಬಗ್ಗಿ ಒಂದು ಹಿಡಿ ಮಣ್ಣು ತೆಗೆದು ನನ್ನ ಮೇಲೆ ತೂರಿ, ನನ್ನ ಕೈ ಸೇದಿಹೋಗಲಿ ಎಂದಳು. ಅವಳ ಜಾಗದಲ್ಲಿದ್ದರೆ ನಾನು ಕಲ್ಲನ್ನೇ ಎತ್ತಿಕೊಳ್ಳುತ್ತಿದ್ದೆ.

ಸುದ್ದಿ ನನಗಿಂತ ಮುಂಚೆ ಊರು ತಲುಪಿತ್ತು. ಮೂರು ಮನೆ ಆಚೆ ಒಂದು ಕೂಸು ಹುಟ್ಟಿತು. ನೀರು ಹಾಕುವುದಕ್ಕೆ ಬೇರೆ ಯಾರನ್ನೋ ಆಟೋದಲ್ಲಿ ಕರೆಸಿದರು. ನಾನು ಜಗಲಿಯ ಮೇಲೆ ಕೂತು ಆ ಆಟೋ ಬಂದದ್ದನ್ನೂ ಹೋದದ್ದನ್ನೂ ನೋಡಿದೆ. ಸೊಸೆ ಒಳಗೆ ಬನ್ನಿ ಎಂದಳು. ಬರಲ್ಲ, ನೋಡ್ತೀನಿ ಎಂದೆ.

ಗುಂಡ್ಲುಪೇಟೆಗೆ ಎರಡು ಬಸ್ಸು ಹಿಡಿಯಬೇಕು. ಅಲ್ಲಿಯ ಶಾಖೆಯ ಹಿತ್ತಲಲ್ಲಿ ಎರಡು ಕಲ್ಲು, ಒಂದು ತೊಟ್ಟಿ. ರಕ್ತದ ಬಟ್ಟೆಯನ್ನು ತಣ್ಣೀರಲ್ಲಿ ನೆನೆಹಾಕಿ, ಬ್ಲೀಚಿಂಗ್ ಪುಡಿಯ ನೀರಲ್ಲಿ ಅದ್ದಿ, ಒಗೆದು ಹರವಬೇಕು. ಕೈ ಸುಲಿದು ಹೋಯಿತು. ಒಗೆಯುವಾಗೆಲ್ಲ ಆ ಸಿಸ್ಟರಿನ ಮಾತೇ ಕಿವಿಯಲ್ಲಿ. ಒಂದೊಂದು ಬೆಡ್‌ಶೀಟನ್ನೂ ಅವಳನ್ನೇ ಎತ್ತಿ ಒಗೆಯುತ್ತಿದ್ದೇನೆ ಎಂದುಕೊಂಡು ಒಗೆಯುತ್ತಿದ್ದೆ. ಬಟ್ಟೆ ಬೆಳ್ಳಗಾಗುತ್ತಿದ್ದವು. ಅಲ್ಲಿಯವರು ಎಂಥ ಕೆಲಸಗಾತಿ ಎಂದು ಹೊಗಳಿದರು.

ಒಂದು ದಿನ ಬಂಡೀಪುರದ ಕಾಡಿನಲ್ಲಿ ವಾಚರ್ ಆಗಿರುವವನೊಬ್ಬ ತನ್ನ ಮಗುವನ್ನು ಕರೆದುಕೊಂಡು ಬಂದ. ಅಮ್ಮ ಇಳಿಯುತ್ತಿದ್ದಳು, ಗುಳ್ಳೆ ಒಣಗಿದ್ದವು, ತುರಿಕೆ ಮಾತ್ರ. ಶಾಖೆಯ ಔಷಧಿ ಅಂಗಡಿಯವಳು ಒಂದು ಬಾಟಲಿ ಕೊಟ್ಟಳು. ವಾಚರ್ ಅಲ್ಲೇ ಬೆಂಚಿನ ಮೇಲೆ ಮಗುವನ್ನು ಕೂರಿಸಿಕೊಂಡು ಕುತ್ತಿಗೆಗೆ ಹಚ್ಚಿದ. ಗುಲಾಬಿ ಬಣ್ಣ, ಒಣಗಿದ ಮೇಲೆ ಸುಣ್ಣದ ಹಾಗೆ ಪುಡಿಪುಡಿ. ನಾನು ಒದ್ದೆ ಬಟ್ಟೆ ಹಿಡಿದುಕೊಂಡು ಹಾಗೇ ನಿಂತುಬಿಟ್ಟೆ. ಆ ಗುಲಾಬಿ ಪುಡಿಯನ್ನು ನಾನು ಮೊದಲೇ ನೋಡಿದ್ದೆ. ಸಂಕ್ರಾಂತಿ ಆದ ಮೇಲೆ, ದೊಡ್ಡ ಸಿಸ್ಟರಿನ ಕುತ್ತಿಗೆಯ ಹಿಂದೆ, ಸ್ವೆಟರಿನ ಅಂಚಿನಲ್ಲಿ. ಆ ವಾರವೆಲ್ಲ ಅವಳು ತುಂಬುತೋಳಿನ ಸ್ವೆಟರ್ ಹಾಕಿಕೊಂಡು, ನೆಗಡಿ ಎಂದು ಮೂಗಿಗೆ ಬಟ್ಟೆ ಕಟ್ಟಿಕೊಂಡು ಓಡಾಡಿದ್ದಳು. ಆ ಬಣ್ಣ ನೋಡಿ, ಪೌಡರ್ ಜಾಸ್ತಿ ಮೆತ್ತಿಕೊಂಡಿದ್ದಾಳೆ ಎಂದು ನಾನು ಒಳಗೊಳಗೇ ನಕ್ಕಿದ್ದೆ.

ಔಷಧಿ ಅಂಗಡಿಯವಳು ಕೇರಳದ ಗಡಿ ಕಡೆಯವಳು. ನಾನು ಮಧ್ಯಾಹ್ನ ಅವಳ ಹತ್ತಿರ ಹೋಗಿ ಕೂತು, ಈ ಗುಲಾಬಿ ಔಷಧಿ ಚಾಮರಾಜನಗರದಲ್ಲಿ ಸಿಗುವುದಿಲ್ಲವೇ ಎಂದು ಸುಮ್ಮನೆ ಎನ್ನುವ ಹಾಗೆ ಕೇಳಿದೆ. ಅಲ್ಲಿ ಮುಗಿದಿತ್ತು ಎಂದು ನಿಮ್ಮ ದೊಡ್ಡ ಸಿಸ್ಟರೇ ಇಲ್ಲಿಂದ ತರಿಸಿಕೊಂಡಿದ್ದಾರಲ್ಲ ಎಂದಳು ಅವಳು. ಎರಡು ಬಾಟಲಿ, ಆಸ್ಪತ್ರೆ ಜೀಪಿನಲ್ಲಿ ಕಳಿಸಿದ್ದೆ ಎಂದಳು. ಯಾವ ಕಾಯಿಲೆಗೆ ಎಂದು ಕೇಳದೆ ಕೊಡುವ ಹಾಗಿಲ್ಲವಂತೆ. ಬೆವರುಸಾಲೆಗೆ ಎಂದು ಫೋನಿನಲ್ಲಿ ಹೇಳಿದ್ದಳಂತೆ.

“ಸಂಕ್ರಾಂತಿ ಚಳೀಲಿ ಬೆವರುಸಾಲೆಯಾ?” ಎಂದೆ.

ಅವಳೂ ಆಗಲೇ ಯೋಚಿಸಿದ್ದು. ನಕ್ಕು, “ನನಗೇನು ಗೊತ್ತುಂಟು ಅಮ್ಮಾ? ಅವರು ಹೇಳಿದ್ದು ಇದರಲ್ಲಿ ಹಾಕಿದೆ. ದಿನ ಕೂಡ ಉಂಟು ನೋಡಿ,” ಎಂದು ಪರದೆ ತೋರಿಸಿದಳು.

ಪರದೆಯ ಮೇಲಿನ ಇಂಗ್ಲಿಷು ನನಗೆ ಓದಲು ಬರುವುದಿಲ್ಲ. ಆದರೆ ಒಂದು ತಿಳಿಯಿತು. ಇಲ್ಲಿ ಹಾಕಿದ್ದು ಅಲ್ಲಿಯೂ ಕಾಣುತ್ತದೆ. ನನ್ನನ್ನು ಕೆಂಪು ಮಾಡಿದ ಡಬ್ಬದ ಹೊಟ್ಟೆಯಲ್ಲೇ ಅವಳೂ ಕೂತಿದ್ದಾಳೆ, ಯಾರೂ ತೆಗೆದು ನೋಡಿಲ್ಲ ಅಷ್ಟೇ. ಆ ದಿನ ನಾನು ಮಧ್ಯಾಹ್ನದ ಬುತ್ತಿ ಪೂರ್ತಿ ತಿಂದೆ. ಗುಂಡ್ಲುಪೇಟೆಗೆ ಬಂದ ಮೇಲೆ ಅದೇ ಮೊದಲು.

ರಜಾ ದಿನ ಚಾಮರಾಜನಗರಕ್ಕೆ ಹೋಗಿ ಗುಮಾಸ್ತನನ್ನು ಟೀ ಅಂಗಡಿಯ ಹತ್ತಿರ ಹಿಡಿದೆ. ಲೋಷನ್ನಿನ ವಿಷಯ ಅವನಿಗೆ ಹೇಳಲಿಲ್ಲ. ಹೇಳಿದರೆ ಸಂಜೆಯೊಳಗೆ ಅವಳ ಕಿವಿಗೆ ಬೀಳುತ್ತಿತ್ತು. ನನ್ನ ವಿಷಯ ಮಾತ್ರ ಕೇಳಿದೆ.

“ಬೇವು ಕಟ್ಟಿದ್ ದಿನ ಕೇಳ್ದಲ್ಲ, ಗುಳ್ಳೆ ಎದ್ದಿದ್ ದಿನ ಯಾಕ್ಲಾ ಕೇಳ್ನಿಲ್ಲ?”

ಅವನು ಟೀ ಲೋಟ ಕೆಳಗಿಟ್ಟ. “ಅದ್ನೆಂಗವ್ವ ಕೇಳದು?”

“ಕೇಳಕ್ ನಾಚ್ಕಂಡು ನನ್ ಹೊಟ್ಟೆ ಮ್ಯಾಲ್ ಹೊಡ್ದಲ್ಲ. ನಿಮ್ಮವ್ವ ನಿನ್ನ ಹೆತ್ತಾಗ ನೀರು ಹಾಕ್ದೋರು ಯಾರು ಅಂತ ಓಗಿ ಕೇಳು. ಕೇಳ್ಕಂಡ್ ಬಂದು ಡಾಕ್ಟ್ರಿಗೆ ನಿಜ ಹೇಳು. ಇಲ್ಲದಿದ್ರೆ ನಾಳೆ ನಿಮ್ಮೂರಿಗೇ ಬತ್ತೀನಿ, ಅರಳಿಕಟ್ಟೆ ಮುಂದೆ ಕೂತ್ಕತೀನಿ.”

ಅವನ ತಾಯಿಗೆ ನೀರು ಹಾಕಿದ್ದು ನನ್ನ ಅತ್ತೆ, ನಾನು ಹಂಡೆ ಒಲೆಗೆ ಸೌದೆ ಹಾಕುತ್ತಿದ್ದೆ. ಅಷ್ಟು ಸುಳ್ಳು ನಡೆಯುತ್ತದೆ. ಅವನು ಕೆಟ್ಟವನಲ್ಲ. ಅಂದೇ ಹೋಗಿ ಡಾಕ್ಟರಿಗೆ ಹೇಳಿದ, ನಾನು ಎಲ್ಲರನ್ನೂ ಬೇವು ಕಟ್ಟಿದ ದಿನ ಕೇಳಿದ್ದೇನೆ ಸರ್, ಅಕ್ಕಪಕ್ಕದ ಮನೆಗೆ ಬಂದರೂ ಕಟ್ಟುತ್ತಾರೆ ಎಂದ. ಡಾಕ್ಟರು ತಲೆ ಹಿಡಿದುಕೊಂಡು ಕೂತರಂತೆ. ಎಲ್ಲರನ್ನೂ ಮತ್ತೆ ಕೇಳಬೇಕು ಎಂದರು. ಕೇಳುವವರು ಯಾರು ಎಂದಾಗ ಗುಮಾಸ್ತ ನನ್ನ ಹೆಸರು ಹೇಳಿದ. ಹೆಂಗಸರು ಆಯಮ್ಮನಿಗಾದರೆ ಹೇಳುತ್ತಾರೆ ಎಂದ. ಅದು ನಾನು ಹೇಳಿಕೊಟ್ಟದ್ದಲ್ಲ. ಅಷ್ಟು ಒಳ್ಳೆಯ ಯೋಚನೆ ನನಗೂ ಬಂದಿರಲಿಲ್ಲ.

ಮಧ್ಯಾಹ್ನ ರೋಗಿಗಳೆಲ್ಲ ಹೋದ ಮೇಲೆ ಹೊರರೋಗಿಗಳ ಹಾಲ್‌ನಲ್ಲಿ ಈ ಕೇಳುವ ಕೆಲಸ ನಡೆಯಿತು. ಗುಮಾಸ್ತ ಕಂಪ್ಯೂಟರಿನ ಮುಂದೆ, ಅವನ ಪಕ್ಕ ಸ್ಟೂಲಿನ ಮೇಲೆ ನಾನು, ಹಿಂದಿನ ಕುರ್ಚಿಯಲ್ಲಿ ಡಾಕ್ಟರು. ಎದುರಿಗೆ ನರ್ಸುಗಳು, ಆಯಾಗಳು ಸಾಲು ನಿಂತಿದ್ದರು. ಸಾಲಿನ ಕೊನೆಯಲ್ಲಿ ದೊಡ್ಡ ಸಿಸ್ಟರ್, ಕೈಯಲ್ಲಿ ಯಾವುದೋ ಫೈಲು, ತನಗೆ ಬಹಳ ಕೆಲಸವಿದೆ ಎನ್ನುವ ಹಾಗೆ.

ಮೊದಲು ನನ್ನದು ಹಾಕು ಎಂದೆ. ಗುಮಾಸ್ತ ಕೇಳಿದ. ಆಗ ನಾನು ಹುಟ್ಟಿದಾಗಿನಿಂದ ಆಡದ ಮಾತು ಆಡಿದೆ.

“ನಮ್ಮನೆಗೆ ಬಂದಿಲ್ಲ.”

ಸಾಲಿನಲ್ಲಿ ಒಬ್ಬಳು ಕೆನ್ನೆ ಬಡಿದುಕೊಂಡಳು. ಮೊಮ್ಮಗುವಿನ ಮುಖ ಕಣ್ಣಿಗೆ ಬಂತು. ತಾಯೀ, ಕೋಪವಿದ್ದರೆ ನನ್ನ ಮೈಮೇಲೆ ಬಾ, ಅದೂ ಈ ಕೆಲಸ ಮುಗಿದ ಮೇಲೆ ಬಾ ಎಂದು ಮನಸ್ಸಿನಲ್ಲೇ ಹೇಳಿದೆ. ಗುಮಾಸ್ತ ಏನೋ ಒತ್ತಿದ. ನನ್ನ ಸಾಲು ಅಳಿಸಿಹೋಯಿತು. ಅಷ್ಟಕ್ಕೇ ಎದ್ದು ಹೋಗಬಹುದಿತ್ತು. ನನ್ನ ಹೆಸರು ಚೊಕ್ಕಟವಾಗಿತ್ತು. ನಾನು ಏಳಲಿಲ್ಲ.

ಒಬ್ಬೊಬ್ಬರೇ ಬಂದರು. ಮೊದಲ ಗುಳ್ಳೆ ಎಲ್ಲಿ ಎದ್ದಿತು, ಯಾವತ್ತು ಎಂದು ಕೇಳಿದೆ. ನನಗೆ ಹೇಳುವುದಕ್ಕೆ ಯಾರಿಗೂ ನಾಚಿಕೆಯಾಗಲಿಲ್ಲ. ಅಮಾವಾಸ್ಯೆ ಮರುದಿನ ಎಂದಳು ಒಬ್ಬಳು, ತಂಗಿ ಸೀಮಂತದ ದಿನ ಎಂದಳು ಇನ್ನೊಬ್ಬಳು. ಗುಮಾಸ್ತ ಕ್ಯಾಲೆಂಡರ್ ನೋಡಿ ತಾರೀಖು ಹಾಕಿದ. ಕೊನೆಗೆ ದೊಡ್ಡ ಸಿಸ್ಟರ್ ಬಂದಳು. ಕೂರಲಿಲ್ಲ. ನನ್ನ ತಲೆಯ ಮೇಲಿಂದ ಗುಮಾಸ್ತನಿಗೆ, ನನಗೇನೂ ಇಲ್ಲ, ನಿಲ್ ಅಂತ ಹಾಕಿಬಿಡಿ ಎಂದಳು.

“ಕೇಳೋಳು ನಾನು ಸಿಸ್ಟರ್. ಈ ಕಡೆ ತಿರಿಕ್ಕಳಿ,” ಎಂದೆ. “ಮೊದಲ್ನೆ ಗುಳ್ಳೆ ಯಾವತ್ತು ಎದ್ದದ್ದು?”

“ಗುಳ್ಳೆನೇ ಇಲ್ಲ ಅಂದ್ನಲ್ಲ ಆಯಮ್ಮ.”

“ಮತ್ತೆ ಗುಂಡ್ಲುಪೇಟೆಯಿಂದ ಎರಡು ಬಾಟ್ಲಿ ಗುಲಾಬಿ ಲೋಷನ್ ತರಿಸ್ಕಂಡಿದ್ದು ಯಾವುದುಕ್ಕೆ?”

ಅವಳ ಫೈಲು ಸ್ವಲ್ಪ ಕೆಳಗಿಳಿಯಿತು. “ಬೆವರುಸಾಲೆಗೆ.”

“ಸ್ವೆಟರ್ ಒಳಗಾ?”

ಯಾರೋ ಆಯಾ ಕಿಸಕ್ಕನೆ ನಕ್ಕು ಬಾಯಿ ಮುಚ್ಚಿಕೊಂಡಳು. ಡಾಕ್ಟರು ಕುರ್ಚಿಯನ್ನು ಮುಂದೆ ಎಳೆದುಕೊಂಡು, ಗುಂಡ್ಲುಪೇಟೆಯ ಔಷಧಿ ಪಟ್ಟಿ ತೆಗೆಯಿರಿ ಎಂದರು. ಗುಮಾಸ್ತ ತೆಗೆದ. ಡಾಕ್ಟರು ಓದಿದರು. ಮತ್ತೆ ಓದಿದರು. ಆಮೇಲೆ ಅವಳ ಕಡೆ ತಿರುಗಿ, ನನ್ನನ್ನು ಕೇಳಿದಷ್ಟೇ ಮೆಲ್ಲಗೆ, ಯಾವ ದಿನ ಸಿಸ್ಟರ್ ಎಂದರು.

ಅವಳು ದಿನ ಹೇಳಿದಳು. ಮೊದಲು ಮಗಳಿಗೆ ಬಂದಿತ್ತು, ಆಮೇಲೆ ತನಗೆ, ಬೆನ್ನಿನ ಮೇಲೆ ಸ್ವಲ್ಪವೇ ಇತ್ತು, ಜ್ವರ ಇರಲಿಲ್ಲ ಎಂದಳು. ಗುಮಾಸ್ತ ಒತ್ತಿದ. ಅವಳ ಹೆಸರು ಎಲ್ಲರಿಗಿಂತ ಮೇಲೆ ಹೋಗಿ ಕೆಂಪಗಾಯಿತು. ಅವಳ ದಿನದಿಂದ ಹದಿನೈದು ದಿನ ಎಣಿಸಿದರೆ ಸರಿಯಾಗಿ ಕುದೇರಿನ ಬಾಣಂತಿಗೆ ಗುಳ್ಳೆ ಎದ್ದ ದಿನ ಬರುತ್ತಿತ್ತು. ಆ ಹೆಂಗಸಿನ ಹೊಲಿಗೆಯನ್ನು ದಿನಾ ನೋಡುತ್ತಿದ್ದವಳು ಈ ಸಿಸ್ಟರೇ. ಎರಡು ದಿನ ಉಪವಾಸವಿದ್ದವಳಿಗೆ ಬಿಸಿ ಮುದ್ದೆ ಗಂಟಲಲ್ಲಿ ಇಳಿದ ಹಾಗಾಯಿತು ನನಗೆ. ಅವಳ ಮುಖವನ್ನು ಚೆನ್ನಾಗಿ ನೋಡಿಕೊಂಡೆ. ಅವಳು ನನ್ನನ್ನು ನೋಡಿದ್ದಳಲ್ಲ, ಹಾಗೆಯೇ.

ವರಾಂಡದಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದಳು. “ಒಳಗೆ ಕರ್ದು ಕೇಳ್ಬೋದಿತ್ತಲ್ಲ ಆಯಮ್ಮ.”

“ನೀವೂ ಅವತ್ತು ಒಳಗೆ ಕರ್ದು ಹೇಳ್ಬೋದಿತ್ತು.”

ಅವಳು ಅತ್ತಳು. ಗಂಡ ಬೇರೆ ಊರಿನಲ್ಲಿದ್ದಾನೆ, ಮೂರು ವಾರ ಮನೆಯಲ್ಲಿ ಕೂತಿದ್ದರೆ ವಾರ್ಡನ್ನು ಇನ್ನೊಬ್ಬಳ ಕೈಗೆ ಕೊಟ್ಟುಬಿಡುತ್ತಿದ್ದರು ಎಂದಳು. ಅದು ನಿಜವೇ ಇರಬೇಕು. ನಾನು ಕೈ ಬಿಡಿಸಿಕೊಂಡೆ.

ಮರುವಾರ ನಾನು ಹೆರಿಗೆ ವಾರ್ಡಿಗೆ ವಾಪಸ್ ಬಂದೆ. ಅವಳನ್ನು ಗುಂಡ್ಲುಪೇಟೆ ಶಾಖೆಗೆ ಹಾಕಿದರು. ಬಟ್ಟೆ ಒಗೆಯುವುದಕ್ಕಲ್ಲ, ಸಿಸ್ಟರ್ ಆಗಿಯೇ, ಆದರೆ ಅಲ್ಲಿ ಅವಳ ಕೈಕೆಳಗೆ ಯಾರೂ ಇರಲಿಲ್ಲ. ಕುದೇರಿನ ಅತ್ತೆಗೆ ನಿಜ ತಿಳಿಯಬೇಕು ಎಂದು ನಾನೇ ಒಂದು ಭಾನುವಾರ ಹೋಗಿ ಹೇಳಿ ಬಂದೆ. ಅವಳು ಕಾಲು ಮುಟ್ಟಲು ಬಂದಳು, ಬೇಡ ಎಂದೆ. ಕೂಸನ್ನು ತಂದು ನನ್ನ ತೊಡೆಯ ಮೇಲೆ ಹಾಕಿದಳು. ಹಣೆಯಲ್ಲಿ ಎರಡು ಕಲೆ ಉಳಿದಿದ್ದವು. ಕೂಸಿಗೆ ನೀರು ಹಾಕಿ, ಅವರು ಕೊಟ್ಟ ಊಟ ಮಾಡಿ ಬಂದೆ.

ಸಿಸ್ಟರನ್ನು ಆಮೇಲೆ ಒಂದೇ ಸಲ ನೋಡಿದ್ದು. ಬೆಳಗ್ಗೆ ಚಾಮರಾಜನಗರದ ಬಸ್‌ಸ್ಟ್ಯಾಂಡಿನಲ್ಲಿ ನಾನು ಉಮ್ಮತ್ತೂರಿನ ಬಸ್ಸಿಂದ ಇಳಿದೆ, ಅವಳು ಗುಂಡ್ಲುಪೇಟೆ ಬಸ್ಸಿಗೆ ಕಾಯುತ್ತಿದ್ದಳು. ಹತ್ತಿರ ಬಂದು, ಕ್ವಾರ್ಟರ್ಸ್ ಬಿಡಿಸಿದ್ದಾರೆ, ಬಾಡಿಗೆ ಮನೆಯಲ್ಲಿದ್ದೇನೆ, ಮಗಳು ಸ್ಕೂಲಿಂದ ಬಂದರೆ ಬಾಗಿಲು ತೆಗೆಯುವವರಿಲ್ಲ ಎಂದಳು. ಡಾಕ್ಟರು ನಿಮ್ಮ ಮಾತು ಕೇಳುತ್ತಾರೆ, ಒಂದು ಮಾತು ಹೇಳಿದರೆ ವಾಪಸ್ ಕರೆಸಿಕೊಳ್ಳುತ್ತಾರೆ ಎಂದಳು. ಕೇಳುತ್ತಿದ್ದರು ಕೂಡ, ಅದು ನನಗೆ ಗೊತ್ತಿತ್ತು. ಆ ಮಗಳ ಮೇಲೆ ನನಗೆ ಸಿಟ್ಟಿರಲಿಲ್ಲ. ಆದರೂ ಹೇಳಬೇಕು ಎನ್ನಿಸಲಿಲ್ಲ. ತಪ್ಪೋ ಸರಿಯೋ, ಇವತ್ತಿಗೂ ಅನ್ನಿಸಿಲ್ಲ.

ಅಷ್ಟರಲ್ಲಿ ಅವಳ ಬಸ್ಸು ಬಂತು. “ಬೇಗ ಹತ್ತಿ ಸಿಸ್ಟರ್, ಈ ಬಸ್ಸು ತುಂಬ್ಬುಟ್ರೆ ಗುಂಡ್ಲುಪೇಟೆಗಂಟ ನಿಂತ್ಕಂಡೇ ಓಗ್ಬೇಕು,” ಎಂದೆ. ಅವಳು ಹತ್ತಿದಳು. ಅವಳಿಗೆ ಸೀಟು ಸಿಗಲಿಲ್ಲ ಎಂಬುದನ್ನು ನೋಡಿಕೊಂಡು ನಾನು ಕೆಲಸಕ್ಕೆ ಹೋದೆ. ವಾರ್ಡಿನಲ್ಲಿ ಹಿಂದಿನ ದಿನ ಹುಟ್ಟಿದ ಮೂರು ಕೂಸುಗಳು ನೀರಿಗೆ ಕಾಯುತ್ತಿದ್ದವು.